ಗಾಡಿ ಎಲ್ಲಿ ಹೊಡಿತದ, ಮೊದಲು ಅದನ್ನ ನೋಡ್ರಿ

ಹಳೆ ಗಾಡಿ ‘ಪಟ್’ ಅಂತ ಹೊಡೆಯಲು ಶುರುವಾದರೆ ನಮ್ಮ ಅತನೂರಿನಲ್ಲಿ ಹೋಟೆಲ್ ಮುಂದೆ ಕುಂತವರೆಲ್ಲ ಒಂದೊಂದು ಮದ್ದು ಹೇಳುತ್ತಾರೆ. ಒಬ್ಬರು ಪ್ಲಗ್ ಬದಲಿಸು ಅಂತಾರೆ, ಇನ್ನೊಬ್ಬರು ಕಾರ್ಬೊರೇಟರ್ ತೊಳಿಸು ಅಂತಾರೆ. ‘ಮಾರಿಬಿಡು, ಹಳೇದಾತು’ ಅನ್ನುವವರೂ ಇದ್ದಾರೆ. ಮಾರೋದು ಅಷ್ಟು ಹಗುರ ಮಾತಲ್ಲ. ನಸುಕಿನಲ್ಲಿ ಹಾಲಿನ ಕ್ಯಾನು, ಹೊಲಕ್ಕೆ ಗೊಬ್ಬರದ ಚೀಲ, ರಾತ್ರಿ ಯಾರಿಗಾದರೂ ಎದೆ ನೋವು ಬಂದರೆ ಅಫಜಲಪುರದ ದವಾಖಾನೆ, ಎಲ್ಲಕ್ಕೂ ಅದೇ ಗಾಡಿ.

ನಮ್ಮ ಮನೆಯಲ್ಲಿರುವುದು 2006ರ ಸ್ಪ್ಲೆಂಡರ್ ಪ್ಲಸ್. 97.2 ಸಿಸಿ ಎಂಜಿನ್, ಕಾರ್ಬೊರೇಟರ್ ಗಾಡಿ. ಮುಂಗಾರು ಬಿತ್ತನೆ ಹೊತ್ತಿಗೆ ಅದರ ಪಿಕಪ್ ಹೋಯಿತು. ರೇಸ್ ಕೊಟ್ಟರೆ ಉಸಿರು ಕಟ್ಟಿದಂಗೆ ಒಂದು ಕ್ಷಣ ತಡೆದು, ಪಟ್ ಅಂತ ಹೊಡೆದು, ಆಮೇಲೆ ಮುಂದೆ ಹೋಗುತ್ತಿತ್ತು. ಅಪ್ಪ ಪೇಟೆಯ ಒಂದು ಗ್ಯಾರೇಜಿನಲ್ಲಿ ತೋರಿಸಿಕೊಂಡು ಬಂದ. “ಬೋರ್ ಹೋಗ್ಯಾದ, ಎಂಜಿನ್ ಬಿಚ್ಚಬೇಕು, 7,000 ರೂಪಾಯಿ” ಅಂದಿದ್ದರಂತೆ. ಬೀಜ, ಗೊಬ್ಬರ ತಂದ ಮೇಲೆ ಮನೆಯಲ್ಲಿ ಉಳಿದದ್ದು ಅಷ್ಟೇ. ಅದೂ ತಂಗಿಯ ಕಾಲೇಜು ಫೀಸಿಗೆ ಇಟ್ಟದ್ದು. “ನಾ ಮುಂದಿನ ವರ್ಷ ಹೋಗ್ತೀನಿ ಬಿಡಪ್ಪಾ” ಅಂದಳು ಅವಳು. ಅಪ್ಪ ಏನೂ ಮಾತಾಡಲಿಲ್ಲ.

ನಮ್ಮ ಓಣಿಯಲ್ಲಿ ಒಬ್ಬ ಕಾಕಾ ಇದ್ದಾನೆ. ಪಂಪ್‌ಸೆಟ್ಟು, ಗಾಡಿ ಎಲ್ಲ ರಿಪೇರಿ ಮಾಡಿ ಕೈ ಪಳಗಿದವ. ಸುದ್ದಿ ಕೇಳಿ ತಾನೇ ಬಂದ. ಪಾನಾ ಹಿಡಿಯಲಿಲ್ಲ, ಮೊದಲು ಕೇಳಿದ: “ಎಲ್ಲಿ ಹೊಡೀಲಾಕತ್ತದ ತಮ್ಮಾ? ಸೈಲೆನ್ಸರಿನಾಗೋ, ಕಾರ್ಬೊರೇಟರಿನಾಗೋ? ರೇಸ್ ಕೊಟ್ಟಾಗೋ, ಬಿಟ್ಟಾಗೋ?”

ಅರ್ಧ ರೋಗ ಈ ಪ್ರಶ್ನೆಯಲ್ಲೇ ಗೊತ್ತಾಗುತ್ತದೆ. ರೇಸ್ ಬಿಟ್ಟಾಗ ಸೈಲೆನ್ಸರಿನಲ್ಲಿ ಹೊಡೆದರೆ, ಎಂಜಿನ್ನಿನಲ್ಲಿ ಸುಡದೆ ಉಳಿದ ಪೆಟ್ರೋಲ್ ಬಿಸಿ ಸೈಲೆನ್ಸರಿಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದರ್ಥ. ಪ್ಲಗ್ಗಿನ ಕಿಡಿ ಸಣ್ಣದಾಗಿರಬಹುದು, ಇಲ್ಲವೇ ಸೈಲೆನ್ಸರ್ ಜೋಡಿನ ಪ್ಯಾಕಿಂಗ್ ಹೋಗಿ ಹೊರಗಿನ ಗಾಳಿ ಸೇರುತ್ತಿರಬಹುದು. ರೇಸ್ ಕೊಟ್ಟಾಗ ಕಾರ್ಬೊರೇಟರ್ ಕಡೆ ಹೊಡೆದರೆ, ಹೆಚ್ಚಾಗಿ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಸುಡಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಅದಕ್ಕಿಂತ ಬಹಳ ಹೆಚ್ಚಾದರೆ ಬೆಂಕಿ ನಿಧಾನಕ್ಕೆ ಉರಿಯುತ್ತದೆ. ಅದು ಆರುವ ಮೊದಲೇ ಇನ್ಲೆಟ್ ವಾಲ್ವ್ ತೆರೆದರೆ ಉರಿ ಹಿಂದಕ್ಕೆ ನುಗ್ಗುತ್ತದೆ. ವಾಲ್ವ್ ಟೈಟಾಗಿ ಸರಿಯಾಗಿ ಮುಚ್ಚದಿದ್ದರೂ ಹೀಗೇ ಆಗುತ್ತದೆ.

ನಮ್ಮದು ರೇಸ್ ಕೊಟ್ಟಾಗ ಕಾರ್ಬೊರೇಟರಿನಲ್ಲೇ ಹೊಡೆಯುತ್ತಿತ್ತು. ಕಾಕಾ ಪ್ಲಗ್ ಬಿಚ್ಚಿ ತೋರಿಸಿದ. ತುದಿ ತಿಳಿ ಕಂದು ಬಣ್ಣ ಇದ್ದರೆ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಅಥವಾ ಏರ್ ಫಿಲ್ಟರಿನಲ್ಲಿ ಧೂಳು ತುಂಬಿದೆ. ಎಣ್ಣೆ ಹತ್ತಿದ ಕಪ್ಪಾದರೆ ಆಯಿಲ್ ಸುಡುತ್ತಿದೆ. ನಮ್ಮ ಪ್ಲಗ್ ಬೆಳ್ಳಗಿತ್ತು. “ಹೊಗಿ ಇಲ್ಲ, ಆಯಿಲ್ ಕಮ್ಮಿ ಆಗಿಲ್ಲ, ಕಿಕ್ ಗಟ್ಟಿ ಅದ. ಬೋರ್ ಹ್ಯಾಂಗ್ ಹೋಗ್ತದ?” ಅಂದ.

ಆಮೇಲೆ ಗಾಡಿ ಚಾಲೂ ಇಟ್ಟು, ಕಾರ್ಬೊರೇಟರಿನಿಂದ ಎಂಜಿನ್ನಿಗೆ ಹೋಗುವ ಪೈಪಿನ ಜೋಡಿನ ಮೇಲೆ ನಾಲ್ಕು ಹನಿ ನೀರು ಬಿಟ್ಟ. ಎಂಜಿನ್ ಸಪ್ಪಳ ತಟ್ಟನೆ ಬದಲಾಯಿತು. ಒಳಗಿನ ರಬ್ಬರ್ ರಿಂಗ್ ಬಿಸಿಗೆ ಒಣಗಿ ಸೀಳಿತ್ತು, ಗಾಳಿ ಅಲ್ಲಿಂದ ನುಗ್ಗುತ್ತಿತ್ತು. ಈ ಪರೀಕ್ಷೆಗೆ ನೀರು ಮಾತ್ರ ಬಳಸಿರಿ. ಪೆಟ್ರೋಲ್ ಹನಿಸಿದರೆ ಬೆಂಕಿ ಹತ್ತುತ್ತದೆ.

ಹೊಸ ರಿಂಗ್, ಪ್ಯಾಕಿಂಗ್ ಸೇರಿ 200 ರೂಪಾಯಿ ಒಳಗೇ ಮುಗಿಯಿತು. ಮರುದಿನ ಅಪ್ಪ ಅದೇ ಗಾಡಿಯ ಮೇಲೆ ತಂಗಿಯನ್ನು ಕೂರಿಸಿಕೊಂಡು ಫೀಸು ಕಟ್ಟಿಬಂದ.

ಈಗಿನ ಪೆಟ್ರೋಲ್ ಬಗ್ಗೆಯೂ ಒಂದು ಮಾತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕ ಇ20 ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ ಇರುತ್ತದೆ. ನಾವು ಬೆಳೆಯುವ ಕಬ್ಬಿನಿಂದಲೂ ಎಥೆನಾಲ್ ತೆಗೆಯುತ್ತಾರೆ. ಅದರಲ್ಲೇ ಆಮ್ಲಜನಕ ಇರುವುದರಿಂದ ಹಳೆ ಕಾರ್ಬೊರೇಟರಿನಲ್ಲಿ ಗಾಳಿ ಸ್ವಲ್ಪ ಹೆಚ್ಚಾದಂತೆಯೇ ಆಗುತ್ತದೆ. ಅದು ನೀರಿನಂಶವನ್ನೂ ಹೀರುತ್ತದೆ. ಬಹಳ ದಿನ ನಿಂತ ಗಾಡಿಯಾದರೆ ಕಾರ್ಬೊರೇಟರ್ ಕೆಳಗಿನ ಸ್ಕ್ರೂ ಸಡಿಲಿಸಿ ಹಳೆ ಪೆಟ್ರೋಲ್ ಬಸಿಯಿರಿ. ಎಂಜಿನ್ ತಣ್ಣಗಿರಲಿ, ಹತ್ತಿರ ಬೀಡಿ ಬೇಡ.

ಪಿಕಪ್ ಇಲ್ಲವೆಂದರೆ ಇನ್ನೆರಡು ನೋಡಿರಿ. ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಗಾಲಿ ತಿರುವಿರಿ. ಹಗುರಾಗಿ ತಿರುಗದಿದ್ದರೆ ಬ್ರೇಕ್ ಹಿಡಿದಿದೆ. ಎಂಜಿನ್ ಸಪ್ಪಳ ಏರಿದರೂ ಗಾಡಿ ಓಡದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ.

ಫಿಲ್ಟರ್, ಪ್ಲಗ್, ಗಾಳಿ ಸೋರಿಕೆ, ವಾಲ್ವ್ ಸೆಟ್ಟಿಂಗ್ ಇವು ಕಡಿಮೆ ಖರ್ಚಿನವು. ಇವನ್ನೆಲ್ಲ ನೋಡಿ ಆದ ಮೇಲೆಯೇ ಎಂಜಿನ್ ಬಿಚ್ಚಿಸಿರಿ. ಯಾರಾದರೂ ಬೋರ್ ಹೋಗಿದೆ ಅಂದರೆ, “ಹೊಗಿ ಎಲ್ಲದ? ಪ್ಲಗ್ ತೋರಿಸ್ರಿ” ಅಂತ ಕೇಳಿರಿ. ದುಡ್ಡು ಕೊಡುವವರು ನಾವು, ಕೇಳಲು ನಾಚಿಕೆ ಯಾಕೆ?