ಮುಳ್ಳು ಮುರಿದ ಗಾಳ

ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುವುದು! ನಮ್ಮ ಕುಂದಾಪುರ ಕಡೆಯ ಕಡಲತಡಿಯ ಮನೆಗಳಲ್ಲಿ ಹೀಗೊಂದು ಮಾತು ಆಡಿ ನೋಡಿ. "ತಲೆ ಸಮ ಇತ್ತಾ?" ಅಂತ ಕೇಳ್ತಾರೆ. ಮೀನು ಅಂದರೆ ನಮಗೆ ಅನ್ನ, ಮಕ್ಕಳ ಶಾಲೆಯ ಫೀಸು, ಮಗಳ ಮದುವೆ. ಅದು ಆಟದ ವಸ್ತು ಅಲ್ಲವೇ ಅಲ್ಲ. ಈ ವಿಷಯದಲ್ಲಿ ನಮ್ಮ ಮನೆಯಲ್ಲೇ ಅಜ್ಜ-ಮೊಮ್ಮಗನಿಗೆ ಮಾತು ನಿಂತುಹೋಗಿತ್ತು. ನಡೆದದ್ದು ಊರಲ್ಲಲ್ಲ, ಲಕ್ಷದ್ವೀಪದ ಕವರತ್ತಿಯಲ್ಲಿ.

ನಮ್ಮವರಿಗೆ ಬ್ಯಾಂಕ್ ಕೆಲಸ. ಆಗ ಲಕ್ಷದ್ವೀಪಕ್ಕೆ ಲೀಡ್ ಬ್ಯಾಂಕ್ ಆಗಿದ್ದದ್ದು ನಮ್ಮ ಮಣಿಪಾಲದ ಸಿಂಡಿಕೇಟ್ ಬ್ಯಾಂಕೇ. 2020ರಲ್ಲಿ ಅದು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು, ಬಿಡಿ. ಹಾಗಾಗಿ 2017ರಲ್ಲಿ ಕವರತ್ತಿಗೆ ವರ್ಗ ಆದಾಗ ನಮಗೇನೂ ಆಶ್ಚರ್ಯ ಆಗಲಿಲ್ಲ. ಆ ದ್ವೀಪಗಳಿಗೂ ನಮಗೂ ನಂಟು ಹಳೆಯದು. 1956ರವರೆಗೆ ಅಮಿನಿ, ಕಡ್ಮತ್, ಕಿಲ್ತಾನ್ ಕಡೆಯ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಸೇರಿದ್ದವು. ಈಗಲೂ ಮಂಗಳೂರಿನ ಹಳೇ ಬಂದರಿನಿಂದ ಅಕ್ಕಿ, ತರಕಾರಿ, ಸಿಮೆಂಟು ಹೇರಿಕೊಂಡು ಹಡಗುಗಳು ಹೋಗುತ್ತವೆ.

ನಾನು ನಮ್ಮವರ ಜೊತೆ ಹೋದೆ. ಮಗ ಹತ್ತನೇ ಕ್ಲಾಸು, ಊರಲ್ಲಿ ಅಪ್ಪಯ್ಯನ ಜೊತೆ ಉಳಿದ. 2018ರ ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಸಿ ಇಬ್ಬರೂ ಕೊಚ್ಚಿಯಿಂದ ಹಡಗು ಹತ್ತಿ ಬಂದರು. ಅಪ್ಪಯ್ಯನಿಗೆ ಆಗ 74. ಹಡಗಿನಲ್ಲಿ ಊಟ ಸರಿಯಿರಲಿಲ್ಲ ಅನ್ನೋದೊಂದು ಬಿಟ್ಟರೆ ಅವರಿಗೆ ಕಡಲು ಹೊಸತೇನಲ್ಲ.

ಕವರತ್ತಿ ಅಂದರೆ ಸುಮಾರು ನಾಲ್ಕು ಚದರ ಕಿಲೋಮೀಟರ್ ನೆಲ. ಪಡುವಣಕ್ಕೆ ಲಗೂನು, ತಿಳಿನೀರು, ಮೊಣಕಾಲಿಂದ ಕುತ್ತಿಗೆವರೆಗೆ ಆಳ. ಮೂಡಣದ ಕಡೆ ಹಾಗಲ್ಲ. ದಡದಿಂದ ಸ್ವಲ್ಪವೇ ದೂರ ಹವಳದ ಹಾಸು, ಅದು ಮುಗಿದಲ್ಲಿಗೆ ನೀಲಿ ಆಳ. ಇಳಿತದ ಹೊತ್ತು ಆ ಹಾಸಿನ ಮೇಲೆ ನಡೆದುಕೊಂಡೇ ಹೋಗಬಹುದು. ಪಕ್ಕದ ಮನೆಯ ಹುಡುಗ ದಿನಾ ಬೆಳಗಿನ ಜಾವ ಅಲ್ಲಿ ನಿಂತು ಗಾಳ ಬೀಸುತ್ತಿದ್ದ. ನಮ್ಮವನೂ ಎರಡೇ ದಿನದಲ್ಲಿ ಅವನ ಬಾಲ ಆದ.

ಅವರ ಗುರಿ ಟ್ರೆವ್ಯಾಲಿ. ಮಲಯಾಳದಲ್ಲಿ ವಟ್ಟ, ಪಾರ ಅಂತಾರೆ. ಇದರಲ್ಲಿ ದೊಡ್ಡಣ್ಣ ಅಂದರೆ ಜಯಂಟ್ ಟ್ರೆವ್ಯಾಲಿ. ಆಳೆತ್ತರಕ್ಕೆ ಬೆಳೆಯುತ್ತದೆ, 50 ಕಿಲೋ ದಾಟಿದವೂ ಸಿಕ್ಕಿವೆ. ಸೀಶೆಲ್ಸ್‌ನ ಒಂದು ದ್ವೀಪದಲ್ಲಿ ಈ ಮೀನು ನೀರಿನಿಂದ ಹಾರಿ ಹಕ್ಕಿಯನ್ನೇ ನುಂಗುವುದನ್ನು ಬಿಬಿಸಿಯವರು 'ಬ್ಲೂ ಪ್ಲಾನೆಟ್ 2'ರಲ್ಲಿ ತೋರಿಸಿದ್ದರು. ಹುಡುಗರು ಅದನ್ನು ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದಾರೋ!

ಇದಕ್ಕೆ ಸಿಗಡಿಯೋ ಎರೆಹುಳುವೋ ಬೇಡ. ಮರದ್ದೋ ಪ್ಲಾಸ್ಟಿಕ್ಕಿನದೋ ಒಂದು ಸುಳ್ಳು ಮೀನು. ಪಾಪರ್ ಅನ್ನುವುದಕ್ಕೆ ಮುಂದಿನ ಬಾಯಿ ಬಟ್ಟಲಿನ ಹಾಗೆ ತಗ್ಗು. ದೂರಕ್ಕೆ ಬೀಸಿ, ಕೋಲನ್ನು ಜಗ್ಗಿ ಜಗ್ಗಿ ಎಳೆದರೆ ಅದು ನೀರನ್ನು 'ಗುಳುಂ, ಗುಳುಂ' ಅಂತ ಚಿಮ್ಮಿಸುತ್ತದೆ. ಗಾಯಗೊಂಡ ಮೀನು ಒದ್ದಾಡುತ್ತಿದೆ ಅಂತ ತಿಳಿದು ಟ್ರೆವ್ಯಾಲಿ ಕೆಳಗಿನಿಂದ ನುಗ್ಗುತ್ತದೆ. ಕಚ್ಚಿದ ಕೂಡಲೇ ಅದು ಓಡುವುದು ಹವಳದ ಸಂದಿಗೆ. ಹವಳದ ಅಂಚು ಬ್ಲೇಡಿನಂಥದ್ದು, ದಾರ ತಾಗಿದರೆ ಮುಗಿಯಿತು. ಅದಕ್ಕೇ ದಾರದ ತುದಿಗೆ ಒಂದೆರಡು ಮಾರು ದಪ್ಪ ನೈಲಾನ್ ಕಟ್ಟುತ್ತಾರೆ. ಭರತ ಏರುತ್ತ ಬರುವ ಹೊತ್ತು, ಅದೂ ಬೆಳಕು ಹರಿಯುವಾಗ ಇಲ್ಲವೇ ಮುಳುಗುವಾಗ ಆದರೆ ಒಳ್ಳೆಯದಂತೆ. ಸಣ್ಣ ಮೀನುಗಳು ಹಾಸಿನ ಮೇಲೆ ಬರುತ್ತವೆ, ಅವುಗಳ ಹಿಂದೆ ಇವು.

ನನಗೋ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ. ಕಡಲಿಗೆ ಹೋದವರು ಬರುವತನಕ ಬಾಗಿಲಲ್ಲಿ ನಿಂತವರ ಮನೆಯವಳಲ್ಲವೇ ನಾನು? ಮಗನಿಗೆ ಮೂರು ಷರತ್ತು ಹಾಕಿದೆ. ಒಬ್ಬನೇ ಹೋಗಬಾರದು. ದಪ್ಪ ಅಟ್ಟೆಯ ಬೂಟು ಹಾಕಬೇಕು. ಭರತದ ನೀರು ಮೊಣಕಾಲಿಗೆ ಬಂತು ಅಂದರೆ ಮೀನು ಎಷ್ಟೇ ದೊಡ್ಡದು ಕಂಡರೂ ವಾಪಸ್ ಬರಬೇಕು. "ತೆರೆಗೆ ಬೆನ್ನು ಹಾಕಬೇಡ" ಅನ್ನುವುದನ್ನು ಅಪ್ಪಯ್ಯ ಸೇರಿಸಿದರು.

ಆರು ದಿನ ಬರಿಗೈ. ಅಪ್ಪಯ್ಯ ದಡದಲ್ಲಿ ಕುಳಿತು ನೋಡಿ ನಗುವರು, "ಹ್ವಾಯ್, ನಿಮ್ಮ್ ಮೀನಿಗೆ ಇವತ್ತೂ ರಜೆಯಾ?" ಏಳನೇ ದಿನ ಬೆಳಿಗ್ಗೆ ಕೋಲು ಬಾಗಿ ನಿಂತಿತು. ಬಂದದ್ದು ನೀಲಿ ರೆಕ್ಕೆಯ ಟ್ರೆವ್ಯಾಲಿ. ಎರಡು ಕಿಲೋ ಇರಬಹುದು. ಮೈತುಂಬ ಶಾಯಿ ಚಿಮುಕಿಸಿದಂತೆ ಚುಕ್ಕಿ, ರೆಕ್ಕೆಗಳು ನವಿಲುಗರಿಯ ನೀಲಿ. ಅಪ್ಪಯ್ಯ ಲುಂಗಿ ಎತ್ತಿ ಕಟ್ಟಿಕೊಂಡು ಓಡಿದರು. ನಾನು ಮನಸ್ಸಿನಲ್ಲೇ ಕೊತ್ತಂಬರಿ, ಮೆಣಸು ಹುರಿಯಲು ಶುರು ಮಾಡಿದ್ದೆ.

ಮಗ ಒಂದು ಫೋಟೋ ತೆಗೆಸಿಕೊಂಡ. ಗಾಳ ಬಿಡಿಸಿದ. ಮೀನನ್ನು ನೀರಲ್ಲಿ ಅಡ್ಡ ಹಿಡಿದು ನಿಂತ. ಅದು ಎರಡು ಸಲ ಬಾಲ ಬಡಿದು ಹೊರಟುಹೋಯಿತು.

ಅಪ್ಪಯ್ಯ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು, "ಅನ್ನದ ಬಟ್ಲ್ ಒದ್ದಾಂಗ್ ಆಯ್ತ್" ಅಂದರು, ಅಷ್ಟೇ. ಮಗನಿಗೂ ಸಿಟ್ಟು. ಒಂದೇ ಮನೆಯಲ್ಲಿ ಒಂದು ವರ್ಷ ಒಟ್ಟಿಗೆ ಉಂಡು ಮಲಗಿದವರು ಎರಡು ದಿನ ಮುಖ ತಿರುಗಿಸಿ ಕುಳಿತರು. ಅಜ್ಜನ ಎಲೆ-ಅಡಿಕೆ ಡಬ್ಬಿ ತುಂಬಿಸಿಡುವುದು ಮೊಮ್ಮಗನ ಕೆಲಸ ಆಗಿತ್ತು. ಅದು ಖಾಲಿಯಾಗಿಯೇ ಇತ್ತು. ಯಾರ ಪರ ಮಾತಾಡಲಿ ಹೇಳಿ?

ಗಂಟು ಬಿಡಿಸಿದವರು ಪಕ್ಕದ ಮನೆಯ ಹುಡುಗನ ತಂದೆ. ಅವರು ಟ್ಯೂನಾ ದೋಣಿಯವರು. ಅಪ್ಪಯ್ಯ ಹಿಂದೆ ಕಣ್ಣೂರು, ಕೊಚ್ಚಿ ಕಡೆ ದುಡಿದದ್ದರಿಂದ ಮಲಯಾಳ ಬರುತ್ತಿತ್ತು. ಇಬ್ಬರೂ ಸಂಜೆ ದೋಣಿಯ ನೆರಳಲ್ಲಿ ಕುಳಿತರು. ಆ ದ್ವೀಪಗಳಲ್ಲಿ ಹೊಟ್ಟೆ ತುಂಬಿಸುವುದು ಹೊರಗಡಲಿನ ಟ್ಯೂನಾ. ಅವರು 'ಚೂರ' ಅಂತಾರೆ. ಲಗೂನಿನಲ್ಲಿ ಹಿಡಿದ ಸಣ್ಣ ಮೀನನ್ನು ಜೀವಂತ ಒಯ್ದು ಕಡಲಿಗೆ ಎರಚುತ್ತಾರೆ. ಟ್ಯೂನಾ ಹಿಂಡು ಮುತ್ತಿದಾಗ ದೋಣಿಯ ಹಿಂಬದಿಯಲ್ಲಿ ಸಾಲಾಗಿ ನಿಂತು ಕೋಲುಗಾಳದಿಂದ ಒಂದೊಂದಾಗಿ ಎತ್ತಿ ಎಸೆಯುತ್ತಾರೆ. ಬಲೆ ಇಲ್ಲ. ಅಪ್ಪಯ್ಯ ಆ ಗಾಳವನ್ನು ಕೈಗೆ ತೆಗೆದುಕೊಂಡು ನೋಡಿದರು. ಅದರ ತುದಿಯಲ್ಲಿ ಹಿಂಮುಳ್ಳೇ ಇಲ್ಲ. ಮೀನು ದೋಣಿಗೆ ಬಿದ್ದ ಕೂಡಲೇ ತಾನಾಗಿ ಕಳಚಲಿ ಅಂತ ಹಾಗೆ ಮಾಡಿರುವುದು. ಮನೆಗೆ ಬಂದು ಮೊಮ್ಮಗನ ಪಾಪರ್ ಎತ್ತಿಕೊಂಡರು. ಅದರ ಗಾಳದ ಮುಳ್ಳನ್ನೂ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿತ್ತು, ಮೀನಿನ ಬಾಯಿ ಹರಿಯಬಾರದು ಅಂತ.

ಮರುದಿನ ಇಳಿತದ ಹೊತ್ತು ಅವರೇ ಹಾಸಿನ ಮೇಲೆ ನಡೆದರು. ಅಂಚಿನಾಚೆ ಬೂದಿ ಬಣ್ಣದ ಹವಳದ ತುಂಡುಗಳ ರಾಶಿ. 1998, 2010, 2016 — ಅಷ್ಟರೊಳಗೆ ಮೂರು ಸಲ ಕಡಲು ಬಿಸಿಯಾಗಿ ಅಲ್ಲಿನ ಹವಳ ಬಿಳುಚಿ ಸತ್ತಿತ್ತು. ಆ ಹವಳದ ಗೋಡೆಯೇ ದ್ವೀಪಕ್ಕೆ ಬೇಲಿ. ತೆರೆಯ ಹೊಡೆತ ತಡೆಯುವುದು ಅದೇ. ಹವಳ ಇದ್ದರೆ ಮೀನು, ಮೀನಿದ್ದರೆ ಹವಳ. ಅದರಲ್ಲೂ ಬೇಟೆಯಾಡುವ ದೊಡ್ಡ ಮೀನು ಎಲ್ಲೂ ರಾಶಿ ರಾಶಿ ಇರುವುದಿಲ್ಲ. ಜಯಂಟ್ ಟ್ರೆವ್ಯಾಲಿ ಮೊಟ್ಟೆ ಇಡುವ ಹಾಗಾಗಲು ಸುಮಾರು 60 ಸೆಂಟಿಮೀಟರ್ ಬೆಳೆಯಬೇಕು. ಅದಕ್ಕೆ ಮೂರು ವರ್ಷಕ್ಕೂ ಹೆಚ್ಚು ಬೇಕು. ಇಷ್ಟು ಚಿಕ್ಕ ದ್ವೀಪದ ಸುತ್ತ ಸಿಕ್ಕಿದ್ದನ್ನೆಲ್ಲ ಎತ್ತಿಕೊಂಡರೆ ಉಳಿಯುವುದೇನು?

ಆ ರಾತ್ರಿ ಜಗಲಿಯಲ್ಲಿ ಅಪ್ಪಯ್ಯ ತಾವಾಗಿಯೇ ಬಾಯಿಬಿಟ್ಟರು.

"ಮಗಾ, ನಾವೂ ದಡದಾಗೇ ನಿಂತ್ ಮೀನ್ ಹಿಡ್ದವ್ರ್. ರಂಪಣಿ. ಒಂದ್ ಬಲಿ ಎಳೂಕೆ ಊರಿಗೇ ಊರೇ ಬತ್ತಿತ್ತ್."

ನಾನು ಚಿಕ್ಕಂದಿನಿಂದ ಕೇಳಿದ ಕತೆಯೇ. ಆದರೆ ಅವತ್ತು ಬೇರೆ ಥರ ಕೇಳಿಸಿತು. ಎತ್ತರದಲ್ಲಿ ನಿಂತವನು ನೀರಿನ ಬಣ್ಣ ನೋಡಿ ಬಂಗುಡೆ ಹಿಂಡು ಬಂತು ಅಂತ ಕೂಗುವುದು, ದೋಣಿ ಬಲೆ ಸುತ್ತಿ ಬರುವುದು, ಹೆಂಗಸರು ಮಕ್ಕಳೆಲ್ಲ ದಡಕ್ಕೆ ಓಡುವುದು. ಎಲ್ಲರಿಗೂ ಪಾಲು. ಕೆಲವು ವರ್ಷ ಎಷ್ಟು ಬೀಳುತ್ತಿತ್ತೆಂದರೆ, ಮಾರಲಾಗದೆ ಉಳಿದ ಬೂತಾಯಿ, ಬಂಗುಡೆ ತೆಂಗಿನ ಬುಡಕ್ಕೆ ಗೊಬ್ಬರ. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದವು. ಹಿಂಡು ದಡ ಮುಟ್ಟುವ ಮೊದಲೇ ಹೊರಗಡಲಲ್ಲಿ ಸುತ್ತಿ ಎತ್ತಿದವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಅಪ್ಪಯ್ಯ ಕೂಲಿಗೆ ಕೇರಳದ ಬೋಟು ಹತ್ತಿದ್ದು ಆಗಲೇ.

"ತೆಂಗಿನ್ ಬುಡಕ್ ಹಾಕಿದ್ ಮೀನ್ ಲೆಕ್ಕ ಯಾರ್ ಇಟ್ಟಿದ್ರ್?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹಸಿವಿಲ್ದೆ ಹಿಡಿಯೂದ್ ನಂಗ್ ಇವತ್ತಿಗೂ ಸಮ ಕಾಣ್ತಿಲ್ಲೆ. ಆದ್ರೆ ಬಿಡೂಕೆ ಕಲ್ತದ್ದ್ ಒಳ್ಳೇದೇ."

ಅಜ್ಜ ಪೂರ್ತಿ ಒಪ್ಪಿದರು ಅಂತ ನಾನು ಹೇಳುವುದಿಲ್ಲ. ಹಿಡಿದು ಬಿಟ್ಟರೆ ಎಲ್ಲ ಮೀನೂ ಬದುಕುತ್ತದೆ ಅಂತಲೂ ಇಲ್ಲ. ಅದು ಗೊತ್ತಾಗಿದ್ದು ಮುಂದಿನ ವಾರ. ಮಗನಿಗೆ ಸಿಕ್ಕ ಇನ್ನೊಂದು ಟ್ರೆವ್ಯಾಲಿಗೆ ಗಾಳ ಕಿವಿರಿಗೇ ತಾಗಿ ರಕ್ತ ಸುರಿಯುತ್ತಿತ್ತು. ಅವನು ಅಜ್ಜನ ಮುಖ ನೋಡಿದ. ಅಪ್ಪಯ್ಯ ಕಿವಿರು ಬಿಡಿಸಿ ನೋಡಿ, "ಇದ್ ಬದ್ಕೂದಿಲ್ಲೆ. ಮನಿಗ್ ತಕೋ" ಅಂದರು. ಅವತ್ತು ಒಂದೇ ಮೀನಿನಲ್ಲಿ ಎರಡು ಮನೆಗೆ ಸಾರಾಯಿತು. ಪಕ್ಕದ ಮನೆಯ ಉಮ್ಮನಿಗೆ ನಮ್ಮ ತೆಂಗಿನಕಾಯಿ ಅರೆದ ಹುಳಿ ತುಂಬ ಹಿಡಿಸಿತು. ಎಲೆ-ಅಡಿಕೆ ಡಬ್ಬಿಯೂ ತುಂಬಿತ್ತು.

ಅಪ್ಪಯ್ಯ ತೀರಿಕೊಂಡು ಈಗ ನಾಲ್ಕು ವರ್ಷ. ಮಗ ಕೆಲಸದಲ್ಲಿದ್ದಾನೆ, ರಜೆಗೆ ಬಂದಾಗ ನದಿ ಬಾಯಲ್ಲಿ ನಿಂತು ಬೀಸುತ್ತಾನೆ. ನಾನು ಗಾಳ ಹಿಡಿದವಳಲ್ಲ. ಆದರೆ ಮೀನು ಮಾರ್ಕೆಟ್ಟಿಗೆ ಹೋದಾಗ ಬೆರಳುದ್ದದ ಮರಿ ಅಂಜಲ್ ರಾಶಿ ಕಂಡರೆ ಕಡಿಮೆ ರೇಟಿಗೆ ಕೊಟ್ಟರೂ ಮುಟ್ಟುವುದಿಲ್ಲ. "ಎಂತಕ್ಕಾ, ಇವತ್ತ್ ಮೀನ್ ಬೇಡದಾ?" ಅಂತ ಮಾರುವಾಕೆ ಕೇಳುತ್ತಾಳೆ. "ಅದ್ ಸ್ವಲ್ಪ ದೊಡ್ಡದ್ ಆಗ್ಲಿ ಮಾರಾಯ್ತಿ, ಆಗ ಬತ್ತೆ" ಅನ್ನುತ್ತೇನೆ.