ಶೇಕಡಾ ನಾಲ್ಕು

ಗಂಗಾಪುರ ತಾಲ್ಲೂಕಿನ ವಾಳೂಜ್ ಎಂಐಡಿಸಿಯಲ್ಲಿ 27 ವರ್ಷ ದುಡಿದ ಕಲಬುರಗಿಯ ನನ್ನ ಭಾವನವರಿಗೆ 55ಕ್ಕೇ ಕೆಲಸ ಹೋಯಿತು. ಇಪಿಎಸ್-95ರ ಪಿಂಚಣಿ ಈಗಲೇ ತೆಗೆದುಕೊಳ್ಳುವುದೋ, 58ರ ತನಕ ಕಾಯುವುದೋ? "ನೀ ಎಂಟೆಕ್ ಮಾಡೀದಿ, ಹೇಳಪಾ" ಅಂದರು.

ಕಾಯಿರಿ ಅಂದುಬಿಟ್ಟೆ. ಹತ್ತು ವರ್ಷ ಸೇವೆ ಇದ್ದವರು 50ರಿಂದಲೇ ಪಿಂಚಣಿ ಕೇಳಬಹುದು. ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ, ವರ್ಷಕ್ಕೆ ಶೇ. 4ರಂತೆ ಕಡಿತ. 60ರವರೆಗೆ ಮುಂದೂಡಿದರೆ ವರ್ಷಕ್ಕೆ ಅಷ್ಟೇ ಏರಿಕೆ. ಒಮ್ಮೆ ಶುರುವಾದರೆ ತುಟ್ಟಿಭತ್ಯೆ ಇಲ್ಲ, ಕಡಿತ ಜೀವನಪೂರ್ತಿ.

ರಾತ್ರಿ ಎಕ್ಸೆಲ್ ತೆರೆದೆ. 58ಕ್ಕೆ ತಿಂಗಳಿಗೆ 4000 ಎಂದಿಟ್ಟುಕೊಳ್ಳಿ, ಈಗಾದರೆ ಸುಮಾರು 3520. ಮೂರು ವರ್ಷದಲ್ಲಿ ಕೈಗೆ ಬರುವುದು ಒಂದೂಕಾಲು ಲಕ್ಷಕ್ಕೂ ಹೆಚ್ಚು. ತಿಂಗಳ ಆ 480 ರೂಪಾಯಿಯ ಕೊರತೆ ಅದನ್ನು ನುಂಗಲು ಭಾವ 80 ತಲುಪಬೇಕು! ಆಫೀಸಿನಲ್ಲಿ ಇಂಥ ತಪ್ಪು ಸಲಹೆ ಕೊಟ್ಟವರನ್ನು ನಾನು ಸುಮ್ಮನೆ ಬಿಡುವವನಲ್ಲ.

ಬೆಳಿಗ್ಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಭಾವ ಮಾತ್ರ ಜಗ್ಗಲಿಲ್ಲ. "ಈಗ ತಗೊಂಡ್ರ, ನಾ ಮುದುಕ ಆದೆ ಅಂತ ಬರಕೊಟ್ಟಂಗ. ಮತ್ತೊಂದು ಕೆಲಸ ಸಿಗತದ."

ಅಕ್ಕ ಫೋನ್ ಕಸಿದುಕೊಂಡಳು. "ಇವರಪ್ಪ 61ಕ್ಕ ಹೋದ್ರು. ಇವರಿಗೂ ಸಕ್ಕರಿ ಕಾಯಿಲೆ ಐತಿ. ನಿನ್ನ ಲೆಕ್ಕದಾಗ ಅದನ್ನ ಎಲ್ಲಿ ಹಾಕೀದಿ?"

ಹಾಕಿರಲಿಲ್ಲ. ಭಾವನೂ ಸುಮ್ಮನಿದ್ದರು. ಆಮೇಲೆ ಅಕ್ಕನ ದನಿ ಕೇಳಿಸಿತು, ನನ್ನೊಂದಿಗಲ್ಲ: "10-ಡಿ ಫಾರ್ಮ್ ಕಪಾಟಿನಾಗ ಐತಿ. ಚಷ್ಮಾ ಹಾಕ್ಕೊಳ್ರಿ."