ಗಜದ ಗೀಟು

2023ರ ಸೆಪ್ಟೆಂಬರಿನಲ್ಲಿ ನಾವು ದಂಪತಿಗಳು ಅಮೇರಿಕೆಯ ಪೆನ್ಸಿಲ್ವೇನಿಯಾದಲ್ಲಿರುವ ನಮ್ಮ ಅಣ್ಣನ ಮಗನ ಮನೆಯಲ್ಲಿ ಆರು ವಾರ ತಂಗಿದ್ದೆವು. ಒಂದು ಶನಿವಾರ ಬೆಳಿಗ್ಗೆ ಹುಡುಗನು (ಹುಡುಗನೆಂದರೆ ನಲವತ್ತು ದಾಟಿದವನು) ಕಾರಿನ ಕೀಲಿಕೈ ಹಿಡಿದುಕೊಂಡು, “ಚಿಕ್ಕಪ್ಪ, ಚಿಕ್ಕಮ್ಮ, ನೀವೂ ಬನ್ನಿ. ಕೋವಿಯ ಸಾಮಾನಿನ ಅಂಗಡಿಗೆ ಹೋಗಲಿಕ್ಕಿದೆ. ಊರಿಗೆ ಫೋನು ಮಾಡುವಾಗ ಅಪ್ಪನಿಗೆ ಮಾತ್ರ ಹೇಳಬೇಡಿ” ಎಂದನು. ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಏಕೆ ಹೇಳಬಾರದೆಂದು ಕೇಳುವ ಅಗತ್ಯ ನಮಗಿರಲಿಲ್ಲ.

ನಮ್ಮ ಕಾಸರಗೋಡಿನ ಕಡೆಯ ತೋಟದ ಮನೆಗಳಲ್ಲಿ ಕೋವಿಯೆಂಬುದು ಹಾರೆ, ಪಿಕ್ಕಾಸುಗಳಂತೆ ಕೃಷಿಯದೇ ಒಂದು ಸಾಧನವಾಗಿತ್ತೆಂಬುದನ್ನು ಹಿರಿಯ ವಾಚಕರು ಬಲ್ಲರು. ನಮ್ಮ ತಂದೆಯವರದು ಬೆಳೆ ರಕ್ಷಣೆಯ ಪರವಾನಗಿಯ ಒಂಟಿ ನಳಿಗೆಯ ಕೇಪಿನ ಕೋವಿ. ಅದಕ್ಕೆ ತೋಟೆಯಿಲ್ಲ, ತುಂಬುವುದೆಲ್ಲ ಬಾಯಿಯಿಂದಲೇ. ಮೊದಲು ಕರಿಮದ್ದು, ಅದರ ಮೇಲೆ ತೆಂಗಿನ ನಾರಿನ ಒತ್ತು, ಆಮೇಲೆ ಚರೆ, ಮತ್ತೆ ನಾರು. ಇಷ್ಟನ್ನೂ ಗಜವೆಂಬ ಕೋಲಿನಿಂದ ಇಡಿದು ಕುಳ್ಳಿರಿಸಿ, ಕಡೆಗೆ ಕೇಪು. ತುಂಬಿದ ಕೋವಿಗೂ ಖಾಲಿ ಕೋವಿಗೂ ಹೊರಗಿನಿಂದ ಯಾವ ಭೇದವೂ ಕಾಣದು. ಆದುದರಿಂದ ಗಜಕ್ಕೆ ಒಂದು ಗೀಟು ಹಾಕಿಡುವುದು ಪದ್ಧತಿ. ಖಾಲಿ ನಳಿಗೆಯೊಳಗೆ ಇಳಿಬಿಟ್ಟರೆ ಗೀಟು ಬಾಯಿಯ ಮಟ್ಟಕ್ಕೆ ಬರುತ್ತದೆ. ಒಳಗೆ ಈಡು ಇದ್ದರೆ ಗೀಟು ನಾಲ್ಕು ಬೆರಳು ಮೇಲೆಯೇ ನಿಲ್ಲುತ್ತದೆ.

1974ರಲ್ಲಿ ಆ ಗಜ ಮುರಿಯಿತು. ತಂದೆಯವರು ಬಿದಿರನ್ನು ಕೆತ್ತಿ ಹೊಸದನ್ನು ಮಾಡಿದರು. ಗೀಟು ಹಾಕುವುದು ನಾಳೆಗೆ ಉಳಿಯಿತು. ಆ ರಾತ್ರಿ ಬೈಲಿನಲ್ಲಿ ಹಂದಿಯ ಸದ್ದು ಕೇಳಿ ಅವರೇ ಈಡು ತುಂಬಿಟ್ಟು, ಹಂದಿ ಬಾರದಿದ್ದುದರಿಂದ ಕೇಪು ತೆಗೆದು, ಕೋವಿಯನ್ನು ಚಾವಡಿಯ ಗೂಟಕ್ಕೆ ತೂಗುಹಾಕಿ ಮಲಗಿದರು. ನಸುಕಿನಲ್ಲಿ ಹಂದಿ ಬಂದಿತು. ಅಣ್ಣನು ಯಾರನ್ನೂ ಎಬ್ಬಿಸದೆ, ಖಾಲಿಯೆಂದೇ ಭಾವಿಸಿ ಮತ್ತೊಂದು ಈಡು ತುಂಬಿದನು. ನಳಿಗೆ ಬುಡದ ಬಳಿ ಒಡೆಯಿತು. ಎಡಗೈಯ ಎರಡು ಬೆರಳುಗಳು ಹೋದವು. ಆ ಕಡೆಯ ಕಿವಿ ಇಂದಿಗೂ ಕೇಳಿಸದು. ತಂದೆಯವರು ತೀರಿಕೊಳ್ಳುವವರೆಗೂ ಆ ಗೀಟಿನ ಮಾತನ್ನು ತಾವಾಗಿ ಎತ್ತಲಿಲ್ಲ. ಅಣ್ಣನೂ ಎತ್ತಲಿಲ್ಲ.

ಅಂತಹವನ ಮಗ ಈಗ ರೈಫಲ್ಲಿನ ತೋಟೆಯನ್ನು ಮನೆಯಲ್ಲೇ ತುಂಬಲು ಹೊರಟಿದ್ದನು. ಆ ಸೀಮೆಯಲ್ಲಿ ಇದು ಸೋಜಿಗವಲ್ಲ. ನವೆಂಬರಿನ ಕೊನೆಗೆ ಜಿಂಕೆ ಬೇಟೆಯ ಕಾಲ ತೊಡಗಿದರೆ ಶಾಲೆಯ ಮೇಷ್ಟರೂ ಬೇಂಕಿನ ಗುಮಾಸ್ತರೂ ಕಾಡಿಗಿಳಿಯುತ್ತಾರೆ. ತನ್ನ ಸ್ವಂತ ಉಪಯೋಗಕ್ಕೆ ತೋಟೆ ತುಂಬಿಕೊಳ್ಳುವವನಿಗೆ ಅಲ್ಲಿ ಕೇಂದ್ರ ಸರಕಾರದ ಲೈಸೆನ್ಸು ಬೇಡ. ನಮ್ಮಲ್ಲಿ ಹಾಗಲ್ಲ, 1959ರ ಆಯುಧ ಕಾಯಿದೆಯ 5ನೆಯ ಕಲಮಿನಂತೆ ಪರವಾನಗಿಯಿಲ್ಲದೆ ತೋಟೆ ತಯಾರಿಸುವುದು ಅಪರಾಧ. ಓದುಗರಲ್ಲಿ ಯಾರಿಗಾದರೂ ಉತ್ಸಾಹ ಹುಟ್ಟೀತೆಂದು ಈ ಮಾತನ್ನು ಮೊದಲೇ ಹೇಳಿಬಿಡುತ್ತೇವೆ.

ತೋಟೆಯೊಂದಕ್ಕೆ ಬೇಕಾದವು ನಾಲ್ಕೇ ವಸ್ತುಗಳು: ಹಿತ್ತಾಳೆಯ ಖಾಲಿ ತೋಟೆ, ಅದರ ತಳದಲ್ಲಿ ಕೂರುವ ಪ್ರೈಮರು (ನಮ್ಮ ಕೇಪಿನ ವಂಶದ್ದೇ), ಹೊಗೆಯಿಲ್ಲದ ಮದ್ದು, ತುದಿಯ ಗುಂಡು. ಇವುಗಳಲ್ಲಿ ಹಿತ್ತಾಳೆಯೊಂದೇ ಮತ್ತೆ ಮತ್ತೆ ಬಳಕೆಗೆ ಬರುವಂಥದು. ಅದರಲ್ಲಿಯೂ ಎರಡು ಜಾತಿಗಳುಂಟು. ಬಾಕ್ಸರ್ ಜಾತಿಯದಕ್ಕೆ ತಳದ ನಡುವೆ ಒಂದೇ ತೂತು, ಸುಟ್ಟ ಪ್ರೈಮರನ್ನು ಒಂದು ಮೊಳೆಯಿಂದ ಒತ್ತಿ ಹೊರಡಿಸಬಹುದು. ಬರ್ಡನ್ ಜಾತಿಯದಕ್ಕೆ ಸಾಮಾನ್ಯವಾಗಿ ಎರಡು ಕಿರುತೂತು, ಮನೆಯಲ್ಲಿ ತುಂಬುವವನಿಗೆ ತಲೆನೋವು. ಬಾಕ್ಸರನು ಇಂಗ್ಲಿಷರವನು, ಬರ್ಡನನು ಅಮೇರಿಕದವನು. ಹೀಗಿದ್ದೂ ಅಮೇರಿಕದವರು ಬಾಕ್ಸರನದನ್ನೇ ನೆಚ್ಚಿಕೊಂಡರು. ಯೂರೋಪಿನಲ್ಲಿ ಬರ್ಡನನದು ಹರಡಿತು. ಹಿತ್ತಿಲ ಗಿಡ ಮದ್ದಲ್ಲವೆಂಬುದು ಅಲ್ಲಿಯೂ ಉಂಟೆಂದು ನಾವು ನಕ್ಕೆವು.

ಅಂಗಡಿಯವನು ಮಾತಿನಲ್ಲಿ ಚತುರ. ಸನ್ನೆಗೋಲನ್ನು ಒಮ್ಮೆ ಎಳೆದರೆ ಒಂದು ತೋಟೆ ಸಿದ್ಧವಾಗಿ ಉದುರುವ, ನಾಲ್ಕೈದು ಕೆಲಸಗಳನ್ನು ಒಟ್ಟಿಗೆ ನಡೆಯಿಸುವ ದೊಡ್ಡ ಪ್ರೆಸ್ಸನ್ನು ತೋರಿಸಿ, ಗಂಟೆಗೆ ನೂರಾರು ತುಂಬಬಹುದೆಂದನು. ಹುಡುಗನು, “ನನಗೆ ವರ್ಷಕ್ಕೆ ನೂರು ತೋಟೆ ಸಾಕು” ಎಂದು, ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಸಾದಾ ಪ್ರೆಸ್ಸನ್ನು ಮುಟ್ಟಿ ನೋಡಿದನು. ಎರಕದ ಕಬ್ಬಿಣದ್ದು, ನಮ್ಮ ಶಾವಿಗೆ ಒರಳಿನ ನಂಟಿನದಾಗಿ ಕಂಡಿತು. ಅದರೊಡನೆ ಅವನ ಮೂವತ್ತು–ನಾಟ್–ಆರು ರೈಫಲ್ಲಿಗೆ ಹೊಂದುವ ಡೈಗಳು. ಹೊಡೆದ ತೋಟೆ ಹಿಗ್ಗಿರುತ್ತದೆ. ಅದನ್ನು ಮೊದಲಿನ ಅಳತೆಗೆ ಹಿಂಡಲು ಒಂದು ಡೈ, ಗುಂಡನ್ನು ಕೂರಿಸಲು ಇನ್ನೊಂದು. ಹಿತ್ತಾಳೆ ಉದ್ದಕ್ಕೂ ಬೆಳೆಯುತ್ತದಂತೆ. ಈ ಜಾತಿಯದು 2.494 ಅಂಗುಲ ಮೀರಿದರೆ ಕತ್ತರಿಸಬೇಕು; ಅದಕ್ಕೊಂದು ಅಳತೆಗೋಲು.

ಹೆಚ್ಚು ಹೊತ್ತು ಹಿಡಿದುದು ತಕ್ಕಡಿಯ ಮುಂದೆ. ಮದ್ದಿನ ತೂಕಕ್ಕೆ ಗ್ರೇನು ಎಂಬುದು ಮಾನ. ಒಂದು ಪೌಂಡಿಗೆ 7000 ಗ್ರೇನು. ಅಂದರೆ ಒಂದು ಗ್ರೇನು ನಮ್ಮ ಅಕ್ಕಸಾಲಿಗರ ಗುಲಗಂಜಿಯ ಹೆಚ್ಚುಕಡಮೆ ಅರ್ಧ. ಅದರಲ್ಲಿಯೂ ಹತ್ತರಲ್ಲೊಂದು ಪಾಲನ್ನು ತೂಗಬೇಕು. ತಂದೆಯವರು ಕರಿಮದ್ದನ್ನು ಬಿದಿರಿನ ಅಂಡೆಯಿಂದ ಅಳೆಯುತ್ತಿದ್ದರು. ಹೊಗೆಯಿಲ್ಲದ ಮದ್ದು ಅಷ್ಟು ಸಲಿಗೆಯನ್ನು ಸಹಿಸದು. ಕಾರಿನ ಚಕ್ರದೊಳಗೆ ಚದರಂಗುಲಕ್ಕೆ ಮೂವತ್ತು ಚಿಲ್ಲರೆ ಪೌಂಡು ಒತ್ತಡವಿದ್ದರೆ ಈ ತೋಟೆಗೆ ಗೊತ್ತುಪಡಿಸಿದ ಪರಮಾವಧಿ 60,000. ಕಣ್ಣೆದುರಿಗೆ ಒಂದು ಗೇಣು ದೂರದಲ್ಲಿ ಇದು ಸಂಭವಿಸುತ್ತದೆ. ಹುಡುಗನು ಹೊಳೆಯುವ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಬದಿಗಿಟ್ಟು, ದಂಡಿಗೆಯ ತಕ್ಕಡಿಯನ್ನೂ ಅದನ್ನು ಪರೀಕ್ಷಿಸುವ ತೂಕದ ಕಲ್ಲುಗಳನ್ನೂ ಆರಿಸಿದನು. ಇದು ಹಣದ ಲೆಕ್ಕವಾಗಿರಲಿಲ್ಲ. ದಂಡಿಗೆ ಓಲಾಡುವುದನ್ನು ನೋಡುತ್ತಿದ್ದರೆ ಮನಸ್ಸು ಅಲ್ಲಿಯೇ ನಿಲ್ಲುತ್ತದೆಂಬುದು ಅವನ ಸಮಾಧಾನ.

ಮದ್ದಿನ ಡಬ್ಬಿಗಳ ಸಾಲಿನಲ್ಲಿ ನಮ್ಮವಳು ಬಾಯಿಬಿಟ್ಟಳು. “ಇಷ್ಟರಲ್ಲಿ ಯಾವುದೆಂದು ಹೇಗೆ ತಿಳಿಯುವುದು, ಮಗ?” ಅವನು ಕೈಪಿಡಿಯನ್ನು ತೆರೆದು ತೋರಿಸಿದನು. ಗುಂಡಿನ ತೂಕಕ್ಕೆ ತಕ್ಕಂತೆ ಯಾವ ಮದ್ದು, ಎಲ್ಲಿಂದ ತೊಡಗಬೇಕು, ಯಾವುದನ್ನು ದಾಟಬಾರದು ಎಂಬುದೆಲ್ಲ ಅಲ್ಲಿದೆ. ಕೆಲವು ಮದ್ದು ಬೇಗನೆ ಉರಿಯುವಂಥವು, ಕೆಲವು ನಿಧಾನದವು. ಬೇರೆ ತೋಟೆಗಳಲ್ಲಿ ಬೇಗನೆ ಉರಿಯುವ ಮದ್ದು ಕೊಂಚವೇ ಸಾಕಾಗಿ, ತಳದಲ್ಲಿ ಎಲ್ಲೋ ಕುಳಿತುಬಿಡುವುದುಂಟು. ಮರೆತು ಎರಡನೆಯ ಸಲ ಸುರಿದರೂ ಮೇಲಿನಿಂದ ಕಾಣದು. ಅವನು ಆರಿಸಿದುದು ನಿಧಾನವಾಗಿ ಉರಿಯುವ, ದಪ್ಪ ಕಾಳಿನದು. ಒಂದು ಸಲದ ಅಳತೆಗೇ ತೋಟೆ ಮುಕ್ಕಾಲಿಗೂ ಮಿಕ್ಕಿ ತುಂಬುತ್ತದೆ. ಎರಡನೆಯ ಸಲ ಸುರಿದೆವೋ, ಉಕ್ಕಿ ಮೇಜಿನ ಮೇಲೆ ಚೆಲ್ಲುತ್ತದೆ.

“ಇದಕ್ಕೇ ಇದನ್ನು ತೆಗೆದುಕೊಂಡದ್ದು, ಚಿಕ್ಕಪ್ಪ” ಎಂದನು. ನಾವಿಬ್ಬರೂ ಮಾತಾಡಲಿಲ್ಲ.

ಆ ರಾತ್ರಿ ಅವನ ಗರಾಜಿನಲ್ಲಿ ಹೊಸ ಮೇಜನ್ನು ಕಂಡೆವು. ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಮೇಜಿನ ಮೇಲಿರಬೇಕೆಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡಿದ್ದನು. ಉಳಿದುದು ಕಪಾಟಿನಲ್ಲಿ, ಕಂಪೆನಿಯ ಡಬ್ಬಿಯಲ್ಲಿಯೇ; ಬೇರೆ ಶೀಸೆಗೆ ಸುರಿಯಕೂಡದು. ತೂತು ಕೊರೆದ ಮರದ ಹಲಗೆಯಲ್ಲಿ ಇಪ್ಪತ್ತು ತೋಟೆಗಳನ್ನು ನಿಲ್ಲಿಸಿ, ಮದ್ದು ಹಾಕಿ, ಗುಂಡು ಕೂರಿಸುವ ಮೊದಲು ದೀಪ ಹಿಡಿದು ಒಂದೊಂದರ ಬಾಯನ್ನೂ ಇಣಿಕಿ ನೋಡಿದನು. ಎಲ್ಲವೂ ಒಂದೇ ಮಟ್ಟ. ಫೋನನ್ನು ಒಳಗೆ ಹೆಂಡತಿಯ ಕೈಯಲ್ಲಿ ಕೊಟ್ಟು ಬಂದಿದ್ದನು. ನಮ್ಮನ್ನೂ ಮಾತಾಡಗೊಡಲಿಲ್ಲ.

ಊರಿಗೆ ಮರಳಿದ ಮೇಲೆ ನಮ್ಮಿಂದ ಬಚ್ಚಿಡಲಾಗಲಿಲ್ಲ. ಒಂದು ಸಂಜೆ ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕುಳಿತಿದ್ದ ಅಣ್ಣನಿಗೆ, ಕೇಳಿಸುವ ಕಿವಿಯ ಕಡೆಗೆ ಬಂದು, ಎಲ್ಲವನ್ನೂ ಹೇಳಿದೆವು. ಅಣ್ಣನು ಬಹಳ ಹೊತ್ತು ಕತ್ತಿಯನ್ನು ನಿಲ್ಲಿಸಲಿಲ್ಲ. ಆಮೇಲೆ, “ಎರಡು ಸಲ ತುಂಬಿದರೆ ಗೊತ್ತಾಗುತ್ತದೋ?” ಎಂದು ಕೇಳಿದನು.

“ಉಕ್ಕಿ ಚೆಲ್ಲುತ್ತದೆ. ಅದಕ್ಕೆಂದೇ ಆ ಮದ್ದನ್ನು ಆರಿಸಿದ್ದಾನೆ.”

“ಅವನಿಗೆ ಗೀಟಿನ ಸಂಗತಿ ಹೇಳಿದವರು ಯಾರು?”

ನಾವು ಹೇಳಿರಲಿಲ್ಲ. ಅಣ್ಣನೂ ಹೇಳಿರಲಿಲ್ಲವಂತೆ. ಒಳಗೆ ದೀಪ ಹಚ್ಚುತ್ತಿದ್ದ ಅತ್ತಿಗೆಯು ಕೈ ನಿಲ್ಲಿಸಿ, “ನಾನು” ಎಂದಳು. “ಅವನು ಏಳನೆಯ ತರಗತಿಯಲ್ಲಿದ್ದಾಗ ನಿಮ್ಮ ಬೆರಳಿನ ಬಗ್ಗೆ ಕೇಳಿದ. ಮಾವನವರು ಹೋದ ವರ್ಷ.”

ಅಣ್ಣನು ಮತ್ತೇನೂ ಕೇಳಲಿಲ್ಲ. ಮರುದಿನ ತಾನಾಗಿಯೇ ಮಗನಿಗೆ ಫೋನು ಮಾಡಿಸಿ, ಆ ಡಬ್ಬಿಯ ಹೆಸರನ್ನು ಎರಡು ಸಲ ಹೇಳಿಸಿಕೊಂಡು, ಕೇಲೆಂಡರಿನ ಹಿಂದೆ ಬರೆದಿಟ್ಟನು.